ಶಾಲೆ ಆರಿಸುವ ಮುನ್ನ ಯುಡೈಸ್ ಕಾರ್ಡ್: ಯಾವ ಸಾಲು ನಂಬಬೇಕು, ಯಾವುದನ್ನು ಕೇಳಿ ತಿಳಿಯಬೇಕು

ಏಪ್ರಿಲ್ ಬಂತೆಂದರೆ ಗಂಗಾವತಿ, ಸಿಂಧನೂರು, ಬಳ್ಳಾರಿಯ ಸರ್ಕಲ್‌ಗಳಲ್ಲಿ ಶಾಲೆಗಳ ಫ್ಲೆಕ್ಸ್‌ಗಳದೇ ಸಾಲು. 625ಕ್ಕೆ 618 ತೆಗೆದ ಮಗುವಿನ ಫೋಟೊ, ಸ್ಮಾರ್ಟ್ ಕ್ಲಾಸ್, ಊರೂರಿಗೆ ಬಸ್ಸು. ಅದೇ ಬೀದಿಯ ಸರ್ಕಾರಿ ಶಾಲೆಯ ಗೇಟಿಗೆ ದಾಖಲಾತಿ ಆಂದೋಲನದ ಬ್ಯಾನರು: ಉಚಿತ ಪುಸ್ತಕ, ಸಮವಸ್ತ್ರ, ಬಿಸಿಯೂಟ, ಮೊಟ್ಟೆ. ತಂದೆತಾಯಿಗೆ ನಿಜವಾಗಿ ಬೇಕಾದದ್ದು ಎರಡರಲ್ಲೂ ಇರುವುದಿಲ್ಲ. ಮಗು ಕೂರುವ ಕೋಣೆಯಲ್ಲಿ ಎಷ್ಟು ಮಕ್ಕಳಿರುತ್ತಾರೆ? ಪಾಠ ಹೇಳುವವರು ಎಷ್ಟು ಮಂದಿ, ಅವರು ಏನು ಓದಿದ್ದಾರೆ? ಮೂರನೇ ತರಗತಿ ಮುಗಿಸಿದ ಮಕ್ಕಳಿಗೆ ಓದಲು ಬರುತ್ತದೆಯೇ?

ಮೊದಲ ಎರಡು ಪ್ರಶ್ನೆಗೆ ಉತ್ತರ ಪುಕ್ಕಟೆಯಾಗಿ ಸಿಗುವ ಜಾಗ ಕೇಂದ್ರ ಶಿಕ್ಷಣ ಸಚಿವಾಲಯವು ದೇಶದ ಶಾಲೆಗಳ ಮಾಹಿತಿ ಕೂಡಿಡುವ ಜಾಲತಾಣ ಯುಡೈಸ್ ಪ್ಲಸ್. ಅದರೊಳಗಿನ ‘ನೋ ಯುವರ್ ಸ್ಕೂಲ್’ ಪುಟದಲ್ಲಿ ಮಾನ್ಯತೆ ಪಡೆದ ಪ್ರತಿಯೊಂದು ಶಾಲೆಗೂ ಒಂದು ರಿಪೋರ್ಟ್ ಕಾರ್ಡ್ ಇದೆ. ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ನಮೂನೆ. ಇದರ ಅತಿ ದೊಡ್ಡ ಗುಣವೇ ಅದು. ಎರಡು ಬಗೆಯ ಶಾಲೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಸಾಮಾನ್ಯ ಜನರ ಕೈಗೆ ಸಿಗುವ ಇಂಥ ಸಾಧನ ಬೇರೆ ಇಲ್ಲ. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಹತ್ತು ಶಾಲೆಗಳಲ್ಲಿ ಆರನ್ನು ಪಟ್ಟಿಯಿಂದ ತೆಗೆದುಹಾಕಲು ಈ ಕಾರ್ಡ್ ಸಾಕು, ಉಳಿದ ನಾಲ್ಕರಲ್ಲಿ ಒಂದನ್ನು ಆರಿಸಲು ಸಾಲದು. ಕಡಿಮೆಯಾದ ಒಂದೂವರೆ ಅಂಕದ ಲೆಕ್ಕ ಮುಂದೆ ಬರುತ್ತದೆ.

ಕಾರ್ಡ್ ತೆಗೆಯುವುದು ಹೇಗೆ

ಮೊಬೈಲಿನ ಬ್ರೌಸರ್ ಸಾಕು, ಲಾಗಿನ್ ಬೇಡ. ಶಾಲೆಯ ಯುಡೈಸ್ ಸಂಖ್ಯೆ ಗೊತ್ತಿದ್ದರೆ ಅದೇ ಸುಲಭದ ದಾರಿ. ಸಂಖ್ಯೆಗೆ 11 ಅಂಕಿ: ಮೊದಲ ಎರಡು ರಾಜ್ಯ, ನಂತರದ ಎರಡು ಜಿಲ್ಲೆ, ಆಮೇಲೆ ಎರಡು ತಾಲೂಕು, ಮೂರು ಊರು, ಕೊನೆಯ ಎರಡು ಶಾಲೆ. ಕರ್ನಾಟಕಕ್ಕೆ 29. ರಾಯಚೂರಿನ ಶಾಲೆಗಳ ಸಂಖ್ಯೆ 2906ರಿಂದ, ಕೊಪ್ಪಳದ್ದು 2907ರಿಂದ, ಬಳ್ಳಾರಿಯದು 2912ರಿಂದ ಶುರುವಾಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ಈ ಸಂಖ್ಯೆಯನ್ನು ಸಾಮಾನ್ಯವಾಗಿ ಗೋಡೆಯ ಮೇಲೆ ಬರೆದಿರುತ್ತಾರೆ. ಖಾಸಗಿ ಶಾಲೆಯಲ್ಲಿ ಆಫೀಸಿನಲ್ಲಿ ಕೇಳಿದರೆ ಹೇಳಬೇಕು. ಹೇಳಲು ಹಿಂದೆಮುಂದೆ ನೋಡಿದರೆ ಅಲ್ಲೇ ಎಚ್ಚರಾಗಿ.

ಸಂಖ್ಯೆ ಇಲ್ಲದಿದ್ದರೆ ಪಿನ್ ಕೋಡ್ ಹಾಕಿ ಹುಡುಕಿ: ಬಳ್ಳಾರಿ 583101, ಕೊಪ್ಪಳ 583231, ಗಂಗಾವತಿ 583227, ರಾಯಚೂರು 584101, ಸಿಂಧನೂರು 584128. ಹೆಸರಿನಿಂದ ಹುಡುಕುವಾಗ ತೊಡಕಾಗುವುದು ಸ್ಪೆಲ್ಲಿಂಗ್‌ನಿಂದ. ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿವೆ. ಒಂದೇ ಊರನ್ನು ಒಬ್ಬರು ‘ಎಚ್’ ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಸಿಗದಿದ್ದರೆ ಜಿಲ್ಲೆ, ಬ್ಲಾಕ್ ಆರಿಸಿ ಪೂರ್ತಿ ಪಟ್ಟಿ ತೆರೆದು ಕಣ್ಣಾಡಿಸುವುದೇ ವಾಸಿ. ಪಟ್ಟಿಯಲ್ಲಿ ‘ಜಿಎಲ್‌ಪಿಎಸ್’ ಎಂದರೆ ಸರ್ಕಾರಿ ಕಿರಿಯ ಪ್ರಾಥಮಿಕ, ‘ಜಿಎಚ್‌ಪಿಎಸ್’ ಎಂದರೆ ಹಿರಿಯ ಪ್ರಾಥಮಿಕ, ‘ಜಿಎಚ್‌ಎಸ್’ ಎಂದರೆ ಪ್ರೌಢಶಾಲೆ.

ಒಂದು ವರ್ಷದ ಕಾರ್ಡ್ ಮಾತ್ರ ತೆಗೆದು ನಿಲ್ಲಿಸಬೇಡಿ. ಕನಿಷ್ಠ ಮೂರು ವರ್ಷದ್ದು ಬೇಕು, ಅದೂ 2022-23ರಿಂದ ಈಚಿನದು. ಆ ವರ್ಷದಿಂದ ಯುಡೈಸ್ ಪ್ಲಸ್ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರಿನ ಲೆಕ್ಕ ತೆಗೆದುಕೊಳ್ಳುತ್ತಿದೆ. ಅದಕ್ಕೆ ಮೊದಲು ಶಾಲೆ ಕೊಟ್ಟ ಒಟ್ಟು ಸಂಖ್ಯೆಯನ್ನೇ ಹಾಕಿಕೊಳ್ಳುತ್ತಿತ್ತು. ಹಳೆಯ ಅಂಕಿ, ಹೊಸ ಅಂಕಿ ಪಕ್ಕಪಕ್ಕ ಇಟ್ಟು ‘ಮಕ್ಕಳು ಕಡಿಮೆಯಾದರು’ ಎಂದರೆ ಶಾಲೆಗೆ ಅನ್ಯಾಯವಾಗುತ್ತದೆ. ಕೋವಿಡ್ ವರ್ಷಗಳಲ್ಲಂತೂ ಫೀ ಕಟ್ಟಲಾಗದೆ ಖಾಸಗಿಯಿಂದ ಸರ್ಕಾರಿಗೆ ಬಂದ ಮಕ್ಕಳು ಬಹಳ, ಆಮೇಲೆ ಮರಳಿದವರೂ ಅಷ್ಟೇ.

ಶಿಕ್ಷಕರ ಸಾಲು, ಕೋಣೆಗಳ ಸಾಲು

ಎಲ್ಲರೂ ಮೊದಲು ನೋಡುವುದು ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬ ಅನುಪಾತ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ 1ರಿಂದ 5ಕ್ಕೆ 30 ಮಕ್ಕಳಿಗೆ ಒಬ್ಬರು, 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರು ಇರಬೇಕು. ಈ ಅಂಕಿಯೊಂದನ್ನೇ ನೋಡಿ ತೀರ್ಮಾನಿಸಿದರೆ ಎರಡೂ ಬಗೆಯ ಶಾಲೆಗಳಲ್ಲಿ ಮೋಸ ಹೋಗುತ್ತೀರಿ, ಆದರೆ ಬೇರೆ ಬೇರೆ ರೀತಿಯಲ್ಲಿ. ಎರಡು ಕಾಲ್ಪನಿಕ ಕಾರ್ಡ್ ಇಟ್ಟುಕೊಂಡು ನೋಡೋಣ.

ಮೊದಲನೆಯದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 1ರಿಂದ 7ನೇ ತರಗತಿ, 168 ಮಕ್ಕಳು, 6 ಶಿಕ್ಷಕರು. ಭಾಗಿಸಿದರೆ 28. ಕಾಯ್ದೆಯ ಮಿತಿಯೊಳಗೇ ಇದೆ. ಆದರೆ ತರಗತಿ ಏಳು, ಶಿಕ್ಷಕರು ಆರು. ಆ ಆರರಲ್ಲಿ ಒಬ್ಬರು ದೈಹಿಕ ಶಿಕ್ಷಕರಿರಬಹುದು, ಒಬ್ಬರು ಬೇರೆ ಶಾಲೆಗೆ ನಿಯೋಜನೆಯ ಮೇಲೆ ಹೋಗಿರಬಹುದು, ಮುಖ್ಯೋಪಾಧ್ಯಾಯರು ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಮೀಟಿಂಗ್ ಎಂದು ವಾರದಲ್ಲಿ ಎರಡು ದಿನ ತರಗತಿಗೆ ಸಿಗದೇ ಇರಬಹುದು. ಆಗ ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಜನ ಏಳು ತರಗತಿ ನಡೆಸುತ್ತಾರೆ. 1ರಿಂದ 3ನೇ ತರಗತಿಯ ಮಕ್ಕಳು ನಲಿ-ಕಲಿಯಲ್ಲಿ ಒಟ್ಟಿಗೆ ಕೂರುವುದು ತಪ್ಪಲ್ಲ, ಆ ಪದ್ಧತಿ ಇರುವುದೇ ಹಾಗೆ. 4ನೇ ಮತ್ತು 5ನೇ ತರಗತಿಯನ್ನು ಜನ ಇಲ್ಲವೆಂದು ಒಂದೇ ಕೋಣೆಗೆ ತುಂಬಿದರೆ ಮಾತ್ರ ಪಾಠ ಅರ್ಧವಾಗುತ್ತದೆ. ಹಾಗಾಗಿ ಸರ್ಕಾರಿ ಶಾಲೆಯ ಕಾರ್ಡಿನಲ್ಲಿ ಶಿಕ್ಷಕರ ಸಂಖ್ಯೆಯನ್ನು ಮಕ್ಕಳ ಸಂಖ್ಯೆಯ ಪಕ್ಕ ಅಲ್ಲ, ತರಗತಿಗಳ ಸಂಖ್ಯೆಯ ಪಕ್ಕ ಇಟ್ಟು ನೋಡಿ.

ಎರಡನೆಯದು ಪಟ್ಟಣದ ಖಾಸಗಿ ಶಾಲೆ. ಎಲ್‌ಕೆಜಿಯಿಂದ 7ರವರೆಗೆ 414 ಮಕ್ಕಳು, 18 ಶಿಕ್ಷಕರು. ಅನುಪಾತ 23, ಸರ್ಕಾರಿ ಶಾಲೆಗಿಂತ ಚೆಂದ ಕಾಣುತ್ತದೆ. ಈಗ ಕೆಳಗಿನ ಕೋಣೆಗಳ ಸಾಲಿಗೆ ಬನ್ನಿ: ತರಗತಿ ಕೋಣೆ 9. ಎಲ್‌ಕೆಜಿ, ಯುಕೆಜಿ ಸೇರಿ ತರಗತಿಯೂ ಒಂಬತ್ತು. ಅಂದರೆ ಪ್ರತಿ ತರಗತಿಗೆ ಒಂದೇ ಸೆಕ್ಷನ್, ಸರಾಸರಿ ಕೋಣೆಗೆ 46 ಮಕ್ಕಳು. ತರಗತಿವಾರು ದಾಖಲಾತಿ ನೋಡಿದರೆ 4ನೇ ತರಗತಿಯಲ್ಲಿ 58. ಶಿಕ್ಷಕರು ಹದಿನೆಂಟು ಮಂದಿ ಇದ್ದರೂ ನಿಮ್ಮ ಮಗುವಿನ ಮುಂದೆ ಒಂದು ಪೀರಿಯಡ್‌ಗೆ ನಿಲ್ಲುವವರು ಒಬ್ಬರೇ, ಅವರ ಮುಂದೆ 58 ಮಕ್ಕಳು. ಖಾಸಗಿ ಶಾಲೆಯ ಕಾರ್ಡಿನಲ್ಲಿ ಮಕ್ಕಳನ್ನು ಕೋಣೆಗಳಿಂದ ಭಾಗಿಸಿ. ಒಂದು ನಿಮಿಷದ ಲೆಕ್ಕ, ಫ್ಲೆಕ್ಸ್ ಹೇಳದ ಸತ್ಯ ಹೊರಬರುತ್ತದೆ. ಕೋಣೆಗಳಲ್ಲೂ ‘ಒಳ್ಳೆಯ ಸ್ಥಿತಿ’, ‘ಸಣ್ಣ ದುರಸ್ತಿ’, ‘ದೊಡ್ಡ ದುರಸ್ತಿ’ ಎಂದು ಮೂರು ಭಾಗ ಇವೆ. ದೊಡ್ಡ ದುರಸ್ತಿ ಬೇಕಾದ ಕೋಣೆಯನ್ನು ಲೆಕ್ಕದಿಂದ ಬಿಟ್ಟುಬಿಡಿ, ಮಳೆಗಾಲದಲ್ಲಿ ಅಲ್ಲಿ ಮಕ್ಕಳನ್ನು ಕೂರಿಸುವಂತಿಲ್ಲ.

ಶಿಕ್ಷಕರ ವಿವರದಲ್ಲಿ ಇನ್ನೆರಡು ಸಾಲು ಬಹಳ ಮುಖ್ಯ. ಒಂದು, ಖಾಯಂ ಎಷ್ಟು, ಗುತ್ತಿಗೆ ಎಷ್ಟು. ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಖಾಲಿ ಹುದ್ದೆ ತುಂಬುವುದು ಅತಿಥಿ ಶಿಕ್ಷಕರಿಂದ. ಅವರನ್ನು ವರ್ಷವರ್ಷವೂ ಹೊಸದಾಗಿ ತೆಗೆದುಕೊಳ್ಳುತ್ತಾರೆ. ಶಾಲೆ ತೆರೆದ ದಿನದಿಂದ ಅವರು ಬರುವವರೆಗೆ ಆ ತರಗತಿಗೆ ಯಾರೂ ಇರುವುದಿಲ್ಲ. ಆರರಲ್ಲಿ ಮೂರು ಜನ ಗುತ್ತಿಗೆ ಎಂದಿದ್ದರೆ ‘ಈ ವರ್ಷ ಅವರು ಯಾವ ತಿಂಗಳು ಬಂದರು’ ಎಂದು ಕೇಳಿ. ಎರಡು, ವೃತ್ತಿ ತರಬೇತಿ: ಡಿ.ಎಡ್., ಬಿ.ಎಡ್. ಆದವರು ಎಷ್ಟು, ಏನೂ ಆಗದವರು ಎಷ್ಟು. ಸರ್ಕಾರಿ ಶಾಲೆಯ ಬಲ ಕಾಣುವುದು ಈ ಸಾಲಿನಲ್ಲಿ. ಅಲ್ಲಿನ ಖಾಯಂ ಶಿಕ್ಷಕರೆಲ್ಲ ತರಬೇತಿ ಪಡೆದು, ಸ್ಪರ್ಧಾತ್ಮಕ ನೇಮಕಾತಿಯಲ್ಲಿ ಗೆದ್ದು ಬಂದವರು. ಕಡಿಮೆ ಫೀಯ ಖಾಸಗಿ ಶಾಲೆಗಳಲ್ಲಿ ‘ಏನೂ ಇಲ್ಲ’ ಎಂಬ ಕಾಲಂನಲ್ಲಿ ಅಂಕಿ ಇದ್ದರೆ ಅದು ಯಾವ ತರಗತಿಯವರು ಎಂದು ವಿಚಾರಿಸಿ. 1, 2ನೇ ತರಗತಿಗೆ ತರಬೇತಿ ಇಲ್ಲದವರನ್ನು ಹಾಕುವ ಶಾಲೆ ತಳಪಾಯದಲ್ಲೇ ಉಳಿತಾಯ ಮಾಡುತ್ತಿದೆ ಎಂದರ್ಥ.

ಶಿಕ್ಷಕರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದು ಕಾರ್ಡಿನಲ್ಲಿಲ್ಲ. ಬಾಯಿಬಿಟ್ಟು ಕೇಳುವುದೊಂದೇ ದಾರಿ: “ಸರ್, ಹೋದ ವರ್ಷ ಮೂರನೇತ್ತಕ್ಕ ಕನ್ನಡ ಹೇಳಿದ ಮೇಡಂ ಈಗ್ಲೂ ಅದಾರೇನ್ರಿ?” ಇದೇ ಪ್ರಶ್ನೆಯನ್ನು ಆಫೀಸಿನಲ್ಲಿ ಒಮ್ಮೆ, ಗೇಟಿನ ಹೊರಗೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರಿಗೆ ಒಮ್ಮೆ ಕೇಳಿ. ಎರಡು ಉತ್ತರ ಹೊಂದದಿದ್ದರೆ ತಾಯಂದಿರ ಮಾತನ್ನು ನಂಬಿ.

ಮಕ್ಕಳು ಎಲ್ಲಿ ಹೋದರು

ಮೂರು ವರ್ಷದ ಕಾರ್ಡ್ ತೆಗೆಯಿರಿ ಎಂದದ್ದು ಈ ಕಾರಣಕ್ಕೆ. ಒಂದು ಹಾಳೆಯಲ್ಲಿ 2022-23ರ 1ನೇ ತರಗತಿ, 2023-24ರ 2ನೇ ತರಗತಿ, 2024-25ರ 3ನೇ ತರಗತಿ, ಈ ಮೂರು ಸಂಖ್ಯೆಯನ್ನು ಸಾಲಾಗಿ ಬರೆಯಿರಿ. ಇವರೆಲ್ಲ ಹೆಚ್ಚುಕಡಿಮೆ ಅದೇ ಮಕ್ಕಳು. 54, 52, 53 ಎಂದು ಬಂದರೆ ಸೇರಿದವರು ಉಳಿದಿದ್ದಾರೆ. 54, 47, 38 ಎಂದು ಬಂದರೆ ಎರಡೇ ವರ್ಷದಲ್ಲಿ ಹದಿನಾರು ಮಕ್ಕಳು ಶಾಲೆ ಬಿಟ್ಟಿದ್ದಾರೆ. ಅದೇ ಶಾಲೆಗೆ ದುಡ್ಡು ಕಟ್ಟಿ, ಒಳಗೆ ನೋಡಿ, ಬೇಡವೆಂದು ಹೊರಬಂದ ಹದಿನಾರು ಮನೆಗಳು ಅವು. ಯಾವ ಜಾಹೀರಾತಿಗಿಂತಲೂ ಈ ಮೂರು ಅಂಕಿ ಹೆಚ್ಚು ಮಾತಾಡುತ್ತವೆ.

ಆದರೆ ಎಲ್ಲ ಇಳಿತವೂ ಕೆಟ್ಟದ್ದಲ್ಲ. 5ನೇ ತರಗತಿ ಮುಗಿದ ಮೇಲೆ 6ಕ್ಕೆ ಸಂಖ್ಯೆ ದಿಢೀರನೆ ಬಿದ್ದಿದ್ದರೆ ಅವಸರದ ತೀರ್ಮಾನ ಬೇಡ. ನವೋದಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಆದರ್ಶ ವಿದ್ಯಾಲಯಗಳು ಮಕ್ಕಳನ್ನು ತೆಗೆದುಕೊಳ್ಳುವುದು 6ನೇ ತರಗತಿಗೆ, ಅದೂ ಪ್ರವೇಶ ಪರೀಕ್ಷೆ ಬರೆಸಿ. ಕುಕನೂರಿನ ಅಥವಾ ಮುದಗಲ್ಲಿನ ನವೋದಯಕ್ಕೆ ವರ್ಷಕ್ಕೆ ಇಬ್ಬರನ್ನು ಕಳಿಸುವ ಹಳ್ಳಿ ಶಾಲೆಯ 6ನೇ ತರಗತಿ ತೆಳ್ಳಗಾಗುವುದು ಆ ಶಾಲೆಯ ಹೆಚ್ಚುಗಾರಿಕೆ. ಹೀಗಾಗಿ 1ರಿಂದ 5ರೊಳಗಿನ ಇಳಿತವನ್ನು ಅನುಮಾನದಿಂದ ನೋಡಿ, 5ರಿಂದ 6ಕ್ಕೆ ಆದದ್ದನ್ನು ‘ಎಲ್ಲಿಗೆ ಹೋದ್ರು?’ ಎಂದು ಕೇಳಿ ತಿಳಿಯಿರಿ. ಅನೇಕ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು 7ಕ್ಕೇ ಮುಗಿಯುತ್ತವೆ, 8ರಲ್ಲಿ ಮಕ್ಕಳಿಲ್ಲದಿರುವುದಕ್ಕೆ ಬೇರೆ ಅರ್ಥವಿಲ್ಲ.

ನಮ್ಮ ಭಾಗದ ಇನ್ನೊಂದು ಸಂಗತಿ ಕಾರ್ಡಿಗೆ ಕಾಣುವುದೇ ಇಲ್ಲ, ಅದು ಗುಳೆ, ಅಂದರೆ ದುಡಿಮೆಗಾಗಿ ಊರು ಬಿಟ್ಟು ಹೋಗುವುದು. ದಾಖಲಾತಿಯ ಲೆಕ್ಕ ಹಿಡಿಯುವುದು ಸೆಪ್ಟೆಂಬರ್ 30ಕ್ಕೆ. ಆ ಹೊತ್ತಿಗೆ ಹೊಲದಲ್ಲಿ ಕೆಲಸ ಇರುತ್ತದೆ, ಮಕ್ಕಳು ಊರಲ್ಲಿರುತ್ತಾರೆ. ಸುಗ್ಗಿ ಮುಗಿದ ಮೇಲೆ ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟರೆ ತರಗತಿಯ ಮೂರನೇ ಒಂದು ಭಾಗ ಖಾಲಿಯಾಗಬಹುದು. ಹೋದವರು ಮರಳಿ ಬಂದಾಗ ಶಿಕ್ಷಕರು ಹಿಂದಿನ ಪಾಠಕ್ಕೆ ಹೋಗಬೇಕು, ಊರಲ್ಲೇ ಉಳಿದ ಮಕ್ಕಳ ಪಾಠವೂ ನಿಧಾನವಾಗುತ್ತದೆ. ಇದರಲ್ಲಿ ಶಿಕ್ಷಕರ ತಪ್ಪಿಲ್ಲ, ದುಡಿಯಲು ಹೋದವರದೂ ಇಲ್ಲ. ಆದರೂ ಶಾಲೆ ಆರಿಸುವವರು ತಿಳಿದಿರಬೇಕು. ಜೂನ್‌ನಲ್ಲಿ ಅಡ್ಮಿಶನ್ ಮಾಡಿಸುವವರು ಅದರ ಹಿಂದಿನ ಜನವರಿ ಇಲ್ಲವೇ ಫೆಬ್ರವರಿಯಲ್ಲೇ ಒಂದು ದಿನ ಬಿಸಿಯೂಟದ ಹೊತ್ತಿಗೆ ಹೋಗಿ ನಿಲ್ಲಿ. ಅಂದಿನ ಹಾಜರಾತಿ ಎಷ್ಟು, ಊಟಕ್ಕೆ ಕೂತವರು ಎಷ್ಟು, ಕಾರ್ಡಿನ ದಾಖಲಾತಿ ಎಷ್ಟು, ಮೂರನ್ನೂ ಪಕ್ಕಪಕ್ಕ ಇಡಿ. 168 ಹೆಸರಿಗೆ 140 ಮಕ್ಕಳು ಎದುರಿಗಿದ್ದರೆ ಆ ಶಾಲೆ ಗುಳೆಯ ಕಾಲದಲ್ಲೂ ಮಕ್ಕಳನ್ನು ಹಿಡಿದಿಟ್ಟುಕೊಂಡಿದೆ.

ಸೌಲಭ್ಯ, ಮಾನ್ಯತೆ

ಸೌಲಭ್ಯಗಳ ಭಾಗವನ್ನು ಬೇಗ ದಾಟಬಹುದು. ಶೌಚಾಲಯದಲ್ಲಿ ‘ಒಟ್ಟು’ ಬಿಟ್ಟು ‘ಬಳಕೆಯಲ್ಲಿರುವುದು’ ಎಂಬ ಅಂಕಿ ನೋಡಿ, ಹೆಣ್ಣುಮಕ್ಕಳದು ಬೇರೆ ಇದೆ. ಕುಡಿಯುವ ನೀರಿಗೆ ‘ಇದೆ’ ಎಂದಷ್ಟೇ ಬರೆದಿರುತ್ತದೆ. ಕೊಪ್ಪಳ, ರಾಯಚೂರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಇರುವುದರಿಂದ ಅದು ಬೋರಿನ ನೀರೋ, ನದಿ ನೀರಿನ ನಲ್ಲಿಯೋ, ಶುದ್ಧೀಕರಣ ಯಂತ್ರ ಇದ್ದರೆ ಓಡುತ್ತಿದೆಯೋ ಎಂದು ಕಣ್ಣಾರೆ ನೋಡಬೇಕು. ಕಂಪ್ಯೂಟರ್ ಸಂಖ್ಯೆಗೆ ಮರುಳಾಗಬೇಡಿ. ಅದನ್ನು ಕಲಿಸುವವರಿಲ್ಲದಿದ್ದರೆ ಅದು ಬೀರುವಿನ ವಸ್ತು.

ಮಾನ್ಯತೆಯ ಸಾಲಿಗೆ ಮಾತ್ರ ಅವಸರ ಬೇಡ. ಕಾರ್ಡಿನಲ್ಲಿ ಕನಿಷ್ಠ ತರಗತಿ, ಗರಿಷ್ಠ ತರಗತಿ ಎಂದಿರುತ್ತದೆ. ಶಾಲೆ 10ರವರೆಗೆ ನಡೆಸುತ್ತಿದ್ದು ಕಾರ್ಡಿನಲ್ಲಿ 7 ಎಂದಿದ್ದರೆ, 8ರಿಂದ ಮೇಲಿನ ಮಕ್ಕಳ ಹೆಸರು ಬೇರಾವುದೋ ಶಾಲೆಯ ರಿಜಿಸ್ಟರಿನಲ್ಲಿರುತ್ತದೆ. ಟಿಸಿ, ಎಸ್ಎಸ್ಎಲ್‌ಸಿ ಹಾಲ್ ಟಿಕೆಟ್ ಬರುವುದೂ ಆ ಹೆಸರಿನಲ್ಲೇ. ಮುಂದೆ ವಿದ್ಯಾರ್ಥಿವೇತನ, ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಪ್ರಮಾಣಪತ್ರಕ್ಕೆ ಓಡಾಡುವಾಗ ಇದರ ಪೆಟ್ಟು ಬೀಳುತ್ತದೆ. ಸಿಬಿಎಸ್‌ಇ ಎಂದು ಬೋರ್ಡ್ ಹಾಕಿದ ಶಾಲೆಯಾದರೆ ಅಫಿಲಿಯೇಶನ್ ಸಂಖ್ಯೆ ಕೇಳಿ. ಕರ್ನಾಟಕದ ಖಾಸಗಿ ಸಿಬಿಎಸ್‌ಇ ಶಾಲೆಗಳ ಸಂಖ್ಯೆ 83ರಿಂದ ಶುರುವಾಗುತ್ತದೆ. ‘ಸಿಬಿಎಸ್‌ಇ ಪ್ಯಾಟರ್ನ್’, ‘ಸಿಬಿಎಸ್‌ಇ ಸಿಲೆಬಸ್’ ಎಂಬ ಮಾತಿಗೆ ಮಾನ್ಯತೆಯ ಬೆಲೆ ಇಲ್ಲ. ನಿಜವಾಗಿ ಮಾನ್ಯತೆ ಇರುವ ಶಾಲೆ ತನ್ನ ವೆಬ್‌ಸೈಟಿನಲ್ಲಿ ಕಡ್ಡಾಯ ಮಾಹಿತಿ ಪುಟ ಇಡಬೇಕು: ಶಿಕ್ಷಕರ ಸಂಖ್ಯೆ, ಫೀ ವಿವರ, ಮೂರು ವರ್ಷದ ಬೋರ್ಡ್ ಫಲಿತಾಂಶ. ಆ ಪುಟ ಇಲ್ಲ ಅಥವಾ ಖಾಲಿ ಇದೆ ಎಂದರೆ ಕಾರಣ ಕೇಳಲು ನಿಮಗೆ ಹಕ್ಕಿದೆ.

ಮಾಧ್ಯಮದ ಸಾಲನ್ನೂ ನೋಡಿ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಶುರುವಾದ ಇಂಗ್ಲಿಷ್ ಮಾಧ್ಯಮ ವಿಭಾಗ ಆಮೇಲೆ ಇನ್ನಷ್ಟು ಶಾಲೆಗಳಿಗೆ ಬಂದಿದೆ. ಇಂಗ್ಲಿಷಿಗಾಗಿಯೇ ಖಾಸಗಿಗೆ ಹೋಗಬೇಕೆಂದಿರುವವರು ತಮ್ಮ ವಾರ್ಡಿನ ಸರ್ಕಾರಿ ಶಾಲೆಯ ಕಾರ್ಡಿನಲ್ಲಿ ಎರಡನೇ ಮಾಧ್ಯಮ ಏನಿದೆ ಎಂದು ಒಮ್ಮೆ ನೋಡಲಿ, ಆ ವಿಭಾಗಕ್ಕೆ ಪಾಠ ಹೇಳುವವರು ಯಾರೆಂದೂ ಕೇಳಲಿ.

ಫಲಿತಾಂಶದ ಫ್ಲೆಕ್ಸ್

ಎಸ್ಎಸ್ಎಲ್‌ಸಿ ಫಲಿತಾಂಶ ಯುಡೈಸ್ ಕಾರ್ಡಿನ ಹೊರಗಿನ ವಿಷಯವಾದರೂ ಹೆಚ್ಚು ಜನ ಶಾಲೆ ಆರಿಸುವುದು ಅದರಿಂದಲೇ. ರಾಜ್ಯದ ಒಟ್ಟು ಫಲಿತಾಂಶ 2023ರಲ್ಲಿ 83.89 ಶೇಕಡಾ ಇದ್ದದ್ದು 2024ರಲ್ಲಿ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಮಕ್ಕಳು ಒಂದೇ ವರ್ಷದಲ್ಲಿ ಅಷ್ಟು ದಡ್ಡರಾಗಲಿಲ್ಲ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಗಿತ್ತು. ಆದ್ದರಿಂದ ಯಾವ ಶಾಲೆಯಾದರೂ ಸರಿ, 2024ಕ್ಕಿಂತ ಹಿಂದಿನ ಫಲಿತಾಂಶ ತೋರಿಸಿದರೆ ನಯವಾಗಿ ಬದಿಗಿಡಿ, ಅದರ ಈಚಿನದನ್ನು ಕೇಳಿ. ಮೊದಲ ಭಾಷೆಯ 125ರಲ್ಲಿ 25, ಉಳಿದ ವಿಷಯಗಳ 100ರಲ್ಲಿ 20 ಅಂಕ ಶಾಲೆಯೇ ಕೊಡುವ ಆಂತರಿಕ ಅಂಕ ಎಂಬುದೂ ನೆನಪಿರಲಿ. ಹೋಲಿಸುವುದಾದರೆ ಲಿಖಿತ ಅಂಕ ಹೋಲಿಸಿ.

ಇಲ್ಲಿ ಕಾರ್ಡ್ ಮತ್ತೆ ಕೈ ಹಿಡಿಯುತ್ತದೆ. ಹಿಂದಿನ ವರ್ಷದ 9ನೇ ತರಗತಿಯ ಸಂಖ್ಯೆ, ಈ ವರ್ಷದ 10ನೇ ತರಗತಿಯ ಸಂಖ್ಯೆ ಎರಡನ್ನೂ ತೆಗೆಯಿರಿ. 9ರಲ್ಲಿ 82 ಇದ್ದು 10ರಲ್ಲಿ 61 ಇದ್ದರೆ, ನೂರಕ್ಕೆ ನೂರು ಫಲಿತಾಂಶ ಬಂದದ್ದು ಉಳಿದ 61ಕ್ಕೆ. ಆ 21 ಮಕ್ಕಳಿಗೆ ಟಿಸಿ ಕೊಟ್ಟು ಕಳಿಸಿದ್ದಾರೆಯೇ, ಫೇಲ್ ಆಗುತ್ತಾರೆಂದು ಪಕ್ಕದ ಶಾಲೆಗೆ ಸಾಗಹಾಕಿದ್ದಾರೆಯೇ? ಅಂಥ ಮಕ್ಕಳನ್ನು ಕೊನೆಗೆ ಸೇರಿಸಿಕೊಳ್ಳುವುದು ಹೆಚ್ಚಾಗಿ ಸರ್ಕಾರಿ ಪ್ರೌಢಶಾಲೆ. ಅದರ ಶೇಕಡಾವಾರು ಫಲಿತಾಂಶ ಆ ಕಾರಣಕ್ಕೇ ಕೆಳಗಿಳಿಯುತ್ತದೆ. ಎರಡು ಶಾಲೆಯ ಫಲಿತಾಂಶ ಹೋಲಿಸುವವರು ಈ ಹೊಂದಾಣಿಕೆ ಮಾಡದಿದ್ದರೆ ಬೇಡದ ಮಕ್ಕಳನ್ನು ಹೊರದಬ್ಬಿದ ಶಾಲೆಗೆ ಬಹುಮಾನ ಕೊಟ್ಟಂತಾಗುತ್ತದೆ.

ಕಾರ್ಡಿನಲ್ಲಿ ಇಲ್ಲದ್ದು: ಮಗು ಕಲಿತದ್ದೇನು

ಇದೇ ಈ ಸೇವೆಯ ದೊಡ್ಡ ಕೊರತೆ, ಒಂದು ಅಂಕ ಇದಕ್ಕೇ ಕಡಿಮೆಯಾದದ್ದು. ಗೋಡೆ, ಗಡಿ, ಗೇಟು ಎಲ್ಲ ಇದೆ, ಮಗುವಿಗೆ ಓದು ಬರುತ್ತದೆಯೇ ಎಂಬುದಿಲ್ಲ. ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಲ್ಲಿ ಗ್ರಾಮೀಣ ಭಾರತದ 3ನೇ ತರಗತಿ ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು 27.1 ಶೇಕಡಾ, ಸರ್ಕಾರಿ ಶಾಲೆಯವರಷ್ಟನ್ನೇ ತೆಗೆದುಕೊಂಡರೆ 23.4. ಖಾಸಗಿಯವರು ಮುಂದಿದ್ದಾರೆ ಎಂದು ಇದನ್ನು ಓದುವ ಮೊದಲು ಮನೆಗಳನ್ನು ನೋಡಬೇಕು. ಫೀ ಕಟ್ಟುವ ಮನೆಯಲ್ಲಿ ಓದಿದ ತಾಯಿ, ಟ್ಯೂಷನ್, ಪುಸ್ತಕ ಇರುವುದು ಹೆಚ್ಚು. ಮನೆಯ ಪಾಲೆಷ್ಟು, ಶಾಲೆಯ ಪಾಲೆಷ್ಟು ಎಂದು ಬಿಡಿಸಲು ನಮ್ಮ ಗಡಿಯಾಚೆಯ ಆಂಧ್ರದಲ್ಲಿ 2008ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. ಹಳ್ಳಿಗಳಲ್ಲಿ ಅರ್ಜಿ ಹಾಕಿದವರ ಪೈಕಿ ಲಾಟರಿ ಎತ್ತಿ ಕೆಲವು ಮಕ್ಕಳ ಖಾಸಗಿ ಶಾಲೆಯ ಫೀ ಭರಿಸಿದರು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ನಾಲ್ಕು ವರ್ಷದ ನಂತರವೂ ತೆಲುಗು, ಗಣಿತದಲ್ಲಿ ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಖಾಸಗಿಯವರು ಮುಂದಿದ್ದರು, ಏಕೆಂದರೆ ಅಲ್ಲಿ ಹಿಂದಿಗೆ ಸಮಯ ಕೊಡುತ್ತಿದ್ದರು. ಖಾಸಗಿ ಶಾಲೆಗಳು ಒಂದು ಮಗುವಿನ ಮೇಲೆ ಮಾಡುವ ಖರ್ಚು ಸರ್ಕಾರಿಯ ಮೂರನೇ ಒಂದಕ್ಕಿಂತ ಕಡಿಮೆ ಎಂಬುದೂ ಅದೇ ಅಧ್ಯಯನದಲ್ಲಿದೆ. ‘ಖಾಸಗಿ ಒಳ್ಳೆಯದೋ, ಸರ್ಕಾರಿ ಒಳ್ಳೆಯದೋ’ ಎಂಬ ಪ್ರಶ್ನೆಯನ್ನೇ ಬಿಟ್ಟು ‘ಈ ಶಾಲೆಯೋ, ಆ ಶಾಲೆಯೋ’ ಎಂದು ಕೇಳಬೇಕಾದದ್ದು ಇದಕ್ಕೆ.

ಅದಕ್ಕೆ ನೀವೇ ಮಾಡಬಹುದಾದ ಪರೀಕ್ಷೆ ಒಂದಿದೆ. ನೀವು ಯೋಚಿಸುತ್ತಿರುವ ಶಾಲೆಯಲ್ಲಿ 3ನೇ ತರಗತಿ ಓದುವ, ನಿಮ್ಮ ಓಣಿಯ ನಾಲ್ಕೈದು ಮಕ್ಕಳನ್ನು ಅವರ ಮನೆಯವರ ಒಪ್ಪಿಗೆಯಿಂದ ಕೂರಿಸಿಕೊಳ್ಳಿ. ಜಾಣರನ್ನು ಹುಡುಕಬೇಡಿ, ಸಿಕ್ಕವರನ್ನು ತೆಗೆದುಕೊಳ್ಳಿ. ಎಂಟು ಹತ್ತು ಸಾಲಿನ, ಒತ್ತಕ್ಷರ ಕಡಿಮೆ ಇರುವ ಒಂದು ಕಥೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಓದಿಸಿ. ಅವರ ಪಠ್ಯಪುಸ್ತಕದ ಪಾಠ ಬೇಡ. ಬಾಯಿಪಾಠ ಆಗಿರುತ್ತದೆ, ಪುಸ್ತಕ ತಲೆಕೆಳಗೆ ಹಿಡಿದರೂ ಮಗು ಸರಾಗ ಒಪ್ಪಿಸುತ್ತದೆ. ಓದಿದ ಮೇಲೆ ಒಂದು ಪ್ರಶ್ನೆ ಕೇಳಿ. ಆಮೇಲೆ 52ರಲ್ಲಿ 27 ಕಳೆಯಲು ಹೇಳಿ. ಉತ್ತರ 35 ಬಂದರೆ ಮಗು ದಶಕ ತೆಗೆದುಕೊಳ್ಳದೆ ದೊಡ್ಡ ಅಂಕಿಯಿಂದ ಸಣ್ಣದನ್ನು ಕಳೆದಿದೆ. ಅದು ಮಗುವಿನ ದಡ್ಡತನವಲ್ಲ, ಸ್ಥಾನಬೆಲೆ ಕಲಿಸದೆ ಮುಂದಕ್ಕೆ ಹೋದ ತರಗತಿಯ ಗುರುತು. 5ನೇ ತರಗತಿಯವರಾದರೆ 847ನ್ನು 6ರಿಂದ ಭಾಗಿಸಲಿ: 141, ಉಳಿಕೆ 1. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಇಂಗ್ಲಿಷಿನ ನಾಲ್ಕು ಸರಳ ವಾಕ್ಯ ಓದಿಸಿ ಅರ್ಥವನ್ನು ಮನೆಮಾತಿನಲ್ಲಿ ಕೇಳಿ, ಕನ್ನಡವಿರಲಿ, ತೆಲುಗಿರಲಿ, ಉರ್ದುವಿರಲಿ. ಗಡಗಡ ಓದಿ ಅರ್ಥಕ್ಕೆ ಸುಮ್ಮನಾದರೆ ಓದಿದ್ದು ಶಬ್ದ ಮಾತ್ರ.

ಐದು ಮಕ್ಕಳಲ್ಲಿ ಮೂವರಿಗೆ ಬಂದರೆ ಅದು ಈ ಸೀಮೆಯಲ್ಲಿ ಒಳ್ಳೆಯ ಶಾಲೆಯೇ. ಟ್ಯೂಷನ್‌ಗೆ ಹೋಗುವವರನ್ನು ಬೇರೆ ಗುರುತು ಹಾಕಿಕೊಳ್ಳಿ. ಐದಕ್ಕೆ ಐದೂ ಟ್ಯೂಷನ್ನಿನವರಾದರೆ ನೀವು ಅಳೆದದ್ದು ಟ್ಯೂಷನ್ ಮೇಡಂನ ಪಾಠವನ್ನು.

ದುಡ್ಡಿನ ಲೆಕ್ಕ

ಫೀ ಎಂದರೆ ಕೌಂಟರಿನಲ್ಲಿ ಹೇಳುವ ಸಂಖ್ಯೆಯಲ್ಲ. ಲೆಕ್ಕದ ಮಾದರಿಗೆ ಹೀಗಿಟ್ಟುಕೊಳ್ಳಿ: ಫೀ 28,000, ವ್ಯಾನ್ ತಿಂಗಳಿಗೆ ಸಾವಿರದಂತೆ 10,000, ಪುಸ್ತಕ ನೋಟ್‌ಬುಕ್ 5,500, ಎರಡು ಜೊತೆ ಸಮವಸ್ತ್ರ ಶೂ 3,500, ಟ್ಯೂಷನ್ 6,000. ಒಟ್ಟು 53,000. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂ, ಊಟ, ಹಾಲು ಉಚಿತ. ನೋಟ್‌ಬುಕ್, ಚೀಲ 1,500, ಅದೇ ಟ್ಯೂಷನ್ 6,000 ಹಾಕಿದರೂ 7,500. ಪುಸ್ತಕ, ಬಟ್ಟೆಯನ್ನು ಶಾಲೆ ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕೇ ಎಂದು ಮೊದಲೇ ಕೇಳಿ. ಡೊನೇಶನ್ ಮತ್ತು ಅಡ್ಮಿಶನ್ನಿಗೆ ಮಗುವಿನ ಪರೀಕ್ಷೆ, ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ಕಟ್ಟಿದ ಪ್ರತಿ ಪೈಸೆಗೂ ಶಾಲೆಯ ಹೆಸರಿರುವ ರಸೀದಿ ಪಡೆಯಿರಿ. ಟ್ರಸ್ಟಿನ ಹೆಸರಿನ ಬಿಳಿ ಚೀಟಿ ರಸೀದಿಯಲ್ಲ.

ಉಳಿದ ಅರ್ಧ ಅಂಕ ಕಡಿಮೆಯಾದದ್ದಕ್ಕೆ ಕಾರಣ ಮೂರು. ಕಾರ್ಡ್ ಇಂಗ್ಲಿಷಿನಲ್ಲಿ ಬರುತ್ತದೆ. ಅದು ಯಾರಿಗೆ ಹೆಚ್ಚು ಬೇಕೋ ಅವರಿಗೇ ಓದಲು ಕಷ್ಟ. ಎರಡನೆಯದು ತಡ: 2024-25ರ ಅಂಕಿಅಂಶ ಹೊರಬಂದದ್ದು 2025ರ ಆಗಸ್ಟ್‌ನಲ್ಲಿ. ಜೂನ್ ಅಡ್ಮಿಶನ್ನಿಗೆ ನಿಮ್ಮ ಕೈಲಿರುವುದು ಯಾವಾಗಲೂ ಹಳೆಯ ಚಿತ್ರ. ಮೂರನೆಯದು, ತುಂಬುವವರು ಶಾಲೆಯವರೇ. ಅಕ್ಕಪಕ್ಕದ ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಿಆರ್‌ಪಿ, ಬಿಇಒ ಕಚೇರಿ ಪರಿಶೀಲಿಸುತ್ತವೆಯಾದರೂ ಒಂದು ಕ್ಲಸ್ಟರಿನ ಅಷ್ಟೂ ಶಾಲೆಯ ಶೌಚಾಲಯದ ನಲ್ಲಿ ತಿರುಗಿಸಿ ನೋಡುವುದು ಒಬ್ಬರಿಂದ ಆಗುವ ಕೆಲಸವಲ್ಲ.

ಮಗುವನ್ನು ಸೇರಿಸಿದ ಮೇಲೂ ಕಾರ್ಡನ್ನು ಬಿಡಬೇಡಿ. ಮೊದಲ ತಿಂಗಳಲ್ಲೇ ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ ಮಗುವಿಗೆ ಕೊಡುವ ಎಸ್‌ಎಟಿಎಸ್ ಸಂಖ್ಯೆ ಪಡೆದು, ಅದರಲ್ಲಿ ಶಾಲೆಯ ಹೆಸರು, ತರಗತಿ, ಮಾಧ್ಯಮ, ಹುಟ್ಟಿದ ದಿನಾಂಕ ಸರಿಯಿದೆಯೇ ನೋಡಿ. ಆಗ ತಿದ್ದಿಸುವುದು ಸುಲಭ, 9ನೇ ತರಗತಿಗೆ ಬಂದ ಮೇಲೆ ಕಚೇರಿ ಅಲೆಯಬೇಕು. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಗೆ ಕಾರ್ಡಿನ ಪ್ರಿಂಟ್ ಹಿಡಿದುಕೊಂಡು ಹೋಗಿ, ‘ಬಳಕೆಯಲ್ಲಿರುವ ಹೆಣ್ಣುಮಕ್ಕಳ ಶೌಚಾಲಯ 2’ ಎಂಬ ಸಾಲಿಗೆ ಬೆರಳಿಟ್ಟು ಎರಡರ ಬಾಗಿಲನ್ನೂ ತೆಗೆಸಿ ನೋಡಿ. ಒಂದಕ್ಕೆ ಬೀಗ ಬಿದ್ದಿದ್ದರೆ ಅದನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಸೆಪ್ಟೆಂಬರ್ 30ರೊಳಗೆ ಒಂದೋ ಬೀಗ ತೆಗೆಯಬೇಕು, ಇಲ್ಲವೇ ಕಾರ್ಡಿನಲ್ಲಿ 1 ಎಂದು ತುಂಬಬೇಕು.